ಆಳಿಲ್ಲ, ಹಣವಿಲ್ಲ: ದೂರದ ಯುದ್ಧಕ್ಕೆ ಕರಾವಳಿ ಹೇಳಿದ ಎದುರುಮಾತು

1941ರ ಮೊದಲ ತಿಂಗಳುಗಳಲ್ಲಿ ದೇಶದ ಜಿಲ್ಲಾ ಮ್ಯಾಜಿಸ್ಟ್ರೇಟರ ಕಚೇರಿಗಳಿಗೆ ಒಂದು ವಿಚಿತ್ರ ಬಗೆಯ ಕಾಗದಗಳು ಬರತೊಡಗಿದವು. ಬರೆದವರು ತಮ್ಮ ಹೆಸರು, ಊರು ತಿಳಿಸಿ, ಇಂಥ ದಿನ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ನಿಂತು ಯುದ್ಧದ ವಿರುದ್ಧ ಮಾತಾಡುತ್ತೇನೆ ಎಂದು ಮುಂಚಿತವಾಗಿ ಹೇಳುತ್ತಿದ್ದರು. ಹಿಡಿಯಲು ಬರುವವರಿಗೆ ಹುಡುಕುವ ಕಷ್ಟವನ್ನೂ ಕೊಡಬಾರದೆಂಬುದು ಆ ಹೋರಾಟದ ನಿಯಮ. ಉತ್ತರ ಕನ್ನಡದ ಸತ್ಯಾಗ್ರಹಿ ಬರೆಯಬೇಕಾಗಿದ್ದುದು ಕಾರವಾರಕ್ಕೆ. ಅಲ್ಲಿಂದ ತಾಲೂಕಿಗೆ ಸುದ್ದಿ ಬರುತ್ತದೆ. ಆತ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಫೌಜದಾರರೂ ಒಬ್ಬಿಬ್ಬರು ಪೊಲೀಸರೂ ಇರುತ್ತಾರೆ. ಸತ್ಯಾಗ್ರಹಿ ಒಬ್ಬನೇ ಬಂದು ಒಂದೆರಡು ವಾಕ್ಯ ಹೇಳುತ್ತಾನೆ. ಬ್ರಿಟಿಷರ ಯುದ್ಧಕ್ಕೆ ಆಳಿನಿಂದಾಗಲಿ ಹಣದಿಂದಾಗಲಿ ನೆರವಾಗುವುದು ತಪ್ಪು, ಎಲ್ಲ ಯುದ್ಧಗಳನ್ನೂ ಅಹಿಂಸೆಯಿಂದ ಎದುರಿಸುವುದೊಂದೇ ತಕ್ಕ ದಾರಿ ಎಂಬುದು ಅದರ ತಾತ್ಪರ್ಯ. ಮಾತು ಮುಗಿಯುವಷ್ಟರಲ್ಲಿ, ಎಷ್ಟೋ ಸಲ ಮುಗಿಯುವ ಮೊದಲೇ, ಕೈದು.

ಇದಕ್ಕೆ ವೈಯಕ್ತಿಕ ಸತ್ಯಾಗ್ರಹ ಎಂದು ಹೆಸರು. 1930ರ ಉಪ್ಪಿನ ಸತ್ಯಾಗ್ರಹ ಮತ್ತು 1942ರ ಚಲೇಜಾವ್ ನಡುವೆ ಸಿಕ್ಕಿಕೊಂಡ ಒಂದು ಸಪ್ಪೆ ಅಧ್ಯಾಯವೆಂಬಂತೆ ಶಾಲೆಯ ಪುಸ್ತಕಗಳು ಇದನ್ನು ಒಂದು ಪ್ಯಾರಾದಲ್ಲಿ ಮುಗಿಸುತ್ತವೆ. ಅದು ನನಗೆ ಅನ್ಯಾಯವೆನಿಸುತ್ತದೆ. ನಮ್ಮ ಸ್ವಾತಂತ್ರ್ಯ ಹೋರಾಟದ ದೊಡ್ಡ ಚಳವಳಿಗಳಲ್ಲಿ ಯುದ್ಧವೆಂಬುದನ್ನೇ ನೇರವಾಗಿ ಎದುರು ಹಾಕಿಕೊಂಡದ್ದು ಇದೊಂದೇ. ಅದೂ ಗುಂಪಿನ ಬಲವಿಲ್ಲದೆ, ಮೆರವಣಿಗೆಯಿಲ್ಲದೆ, ಒಬ್ಬೊಬ್ಬರಾಗಿ.

ಹೊನ್ನಾವರದಿಂದ ಶರಾವತಿ ದಾಟಿ ಕಾಸರಕೋಡಿನ ಮೇಲೆ ತೆಂಕಣಕ್ಕೆ ಹೋದರೆ ಕೆಳಗಿನೂರು, ಅದರ ಅಂಚಿನಲ್ಲಿ ಅಪ್ಸರಕೊಂಡ. ಇಂದು ಜಲಪಾತಕ್ಕೂ ಕಡಲಂಚಿನ ಗುಡ್ಡಕ್ಕೂ ಪ್ರವಾಸಿಗರು ಬರುವ ಜಾಗ. ಆ ಗುಡ್ಡದ ಮೇಲೆ ನಿಂತವರಿಗೆ ಪಡುವಣದಲ್ಲಿ ಕಾಣುವುದು ಬರೀ ನೀರು. ಯುರೋಪಿನಲ್ಲಿ ಹೊತ್ತಿದ ಬೆಂಕಿಗೂ ಈ ಊರಿಗೂ ಏನು ನಂಟು ಎಂದು ಅಲ್ಲಿ ನಿಂತು ಕೇಳಬಹುದು. ಆದರೆ ಈ ಕರಾವಳಿಯ ಚರಿತ್ರೆ ಬಲ್ಲವರು ಹಾಗೆ ಕೇಳಲಾರರು. ಈ ಜಿಲ್ಲೆಯ ಗಡಿಯನ್ನು ಗೀಚಿದ್ದರಲ್ಲೇ ಒಂದು ಪರದೇಶದ ಯುದ್ಧದ ಕೈಯಿದೆ.

ಅದು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ. ದಕ್ಷಿಣದ ಸಂಸ್ಥಾನಗಳ ಹತ್ತಿ ಲಂಕಾಶೈರಿನ ಗಿರಣಿಗಳಿಗೆ ಬರುವುದು ನಿಂತಾಗ ಇಂಗ್ಲೆಂಡಿನ ಕಣ್ಣು ಧಾರವಾಡ ಸೀಮೆಯ ಎರೆನೆಲದ ಮೇಲೆ ಬಿತ್ತು. ಆ ಹತ್ತಿ ಘಟ್ಟವಿಳಿದು ಎತ್ತಿನ ಗಾಡಿಗಳಲ್ಲಿ ಕುಮಟೆಯ ಬಂದರಿಗೆ ಬರುತ್ತಿತ್ತು. ಎಲ್ಲೋ ಬಯಲಲ್ಲಿ ಬೆಳೆದ ಅರಳೆಗೆ ಲಿವರ್‌ಪೂಲಿನ ಪೇಟೆಯಲ್ಲಿ ಕುಮಟೆಯ ಹೆಸರೇ ಅಂಟಿಕೊಂಡಿತು. ಹತ್ತಿ ಸಾಗಿಸಲು ಇನ್ನೂ ದೊಡ್ಡ ಬಂದರು ಬೇಕು, ಅದು ಕಾರವಾರದಲ್ಲಾಗಬೇಕು, ಮುಂಬಯಿ ಸರ್ಕಾರದ ಕೈಕೆಳಗೇ ಇರಬೇಕು ಎಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ತಂದರು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮದ್ರಾಸಿನಿಂದ ಕಳಚಿ ಮುಂಬಯಿಗೆ ಸೇರಿದ್ದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಭಟ್ಕಳದ ತೆಂಕಣಕ್ಕಿರುವ ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಯುದ್ಧ ಮುಗಿದು ಅಮೆರಿಕದ ಹತ್ತಿ ಮತ್ತೆ ಹರಿದಾಗ ಬೆಲೆ ಕುಸಿಯಿತು. ಗಡಿ ಮಾತ್ರ ಹಾಗೆಯೇ ನಿಂತಿತು.

ಆ ಕಾಲದ್ದೇ ಇನ್ನೊಂದು ಸಂಗತಿ ಇಲ್ಲಿ ನೆನೆಯಬೇಕು. ಹತ್ತಿಯಿಲ್ಲದೆ ಗಿರಣಿ ಮುಚ್ಚಿ ಹಸಿದಿದ್ದ ಮ್ಯಾಂಚೆಸ್ಟರಿನ ಕೆಲಸಗಾರರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿಯನ್ನು ಕಿತ್ತೊಗೆಯುವ ನಿಮ್ಮ ಪಕ್ಷವೇ ನಮ್ಮದು ಎಂದು ಅಧ್ಯಕ್ಷ ಲಿಂಕನ್ನರಿಗೆ ಕಾಗದ ಬರೆದರು. ಲಿಂಕನ್ ಮುಂದಿನ ತಿಂಗಳೇ ಉತ್ತರಿಸಿದರು. ಯುದ್ಧದ ವಿಚಾರದಲ್ಲಿ ಗಿರಣಿಯಾಳಿಗೂ ಒಂದು ಅಭಿಪ್ರಾಯವಿರುತ್ತದೆ, ಅದಕ್ಕಾಗಿ ಅವನು ಹಸಿವನ್ನೂ ತಾಳಬಲ್ಲ ಎಂದು ಜಗತ್ತಿಗೆ ಗೊತ್ತಾಯಿತು. 1939ರಲ್ಲಿ ದಿಲ್ಲಿಯ ವೈಸರಾಯರಿಗೆ ಇದು ಹೊಳೆಯಲಿಲ್ಲ.

1939ರ ಸೆಪ್ಟೆಂಬರ್ 3ರಂದು ಲಾರ್ಡ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಕೇಂದ್ರ ಶಾಸನಸಭೆಯನ್ನು ಕೇಳಲಿಲ್ಲ; ಪ್ರಾಂತಗಳಲ್ಲಿ ಆಳುತ್ತಿದ್ದ ಚುನಾಯಿತ ಮಂತ್ರಿಮಂಡಲಗಳನ್ನೂ ಕೇಳಲಿಲ್ಲ. ಮೊದಲ ದೊಡ್ಡ ಎದುರುತ್ತರಗಳಲ್ಲೊಂದು ಬಂದದ್ದು ಮುಂಬಯಿಯ ಗಿರಣಿಗಳಿಂದ. ಅಕ್ಟೋಬರ್ 2ರಂದು ಸುಮಾರು 90,000 ಕಾರ್ಮಿಕರು ಯುದ್ಧದ ವಿರುದ್ಧ ಒಂದು ದಿನ ಕೆಲಸ ನಿಲ್ಲಿಸಿದರು. ಒಂದು ಪೈಯೂ ಇಲ್ಲ, ಒಬ್ಬ ಸೋದರನೂ ಇಲ್ಲ ಎಂಬರ್ಥದ ಹಿಂದಿ ಘೋಷಣೆ ಬೀದಿಗಳಲ್ಲಿ ಕೇಳಿಬಂತು. ನವೆಂಬರಿನ ಮೊದಲಲ್ಲೇ ಬಿ.ಜಿ. ಖೇರರ ಮಂತ್ರಿಮಂಡಲ ರಾಜೀನಾಮೆ ಕೊಟ್ಟು, ಮುಂಬಯಿ ಪ್ರಾಂತ ಗವರ್ನರರ ನೇರ ಆಡಳಿತಕ್ಕೆ ಹೋಯಿತು. ಉತ್ತರ ಕನ್ನಡವೂ ಅದರೊಂದಿಗೆ ಹೋಯಿತು.

ಮುಂಬಯಿಯ ಹಡಗುಕಟ್ಟೆಗಳ ಕಡೆಗೂ ಒಮ್ಮೆ ನೋಡಬೇಕು, ಏಕೆಂದರೆ ಅಲ್ಲಿ ಈ ಜಿಲ್ಲೆಯ ಒಬ್ಬರು ಕೆಲಸ ಮಾಡುತ್ತಿದ್ದರು. ಬ್ರಿಟಿಷ್ ಸರಕು ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ಸುರಿಯುತ್ತಿದ್ದವರಲ್ಲಿ, ಡೆಕ್ಕು ತೊಳೆಯುತ್ತಿದ್ದವರಲ್ಲಿ ಭಾರತೀಯ ನಾವಿಕರು ಹತ್ತಾರು ಸಾವಿರ. ಯುದ್ಧ ಶುರುವಾದ ತಿಂಗಳುಗಳಲ್ಲೇ ಅವರು ಇಂಗ್ಲೆಂಡಿನ ಬಂದರುಗಳಲ್ಲಿ ಹಡಗು ಹತ್ತಲು ನಿರಾಕರಿಸಿ ಮುಷ್ಕರ ಹೂಡಿದರು. ಟಾರ್ಪಿಡೊಗಳಿರುವ ಕಡಲಿಗೆ ಕಳಿಸುವುದಾದರೆ ಜೀವದ ಬೆಲೆಯನ್ನು ಸಂಬಳದಲ್ಲಿ ತೋರಿಸಿ ಎಂಬುದು ಅವರ ಬೇಡಿಕೆ. ಯುದ್ಧ ಮುಗಿಯುವಷ್ಟರಲ್ಲಿ 6,000ಕ್ಕೂ ಹೆಚ್ಚು ಭಾರತೀಯ ನಾವಿಕರು ಸತ್ತಿದ್ದರು. ಮುಂಬಯಿಯಲ್ಲಿ ನಾವಿಕರ ಸಂಘ ಕಟ್ಟುವ ಕೆಲಸದಲ್ಲಿ ತೊಡಗಿದ್ದವರು ಅಂಕೋಲೆಯ ಕಡೆಯ ದಿನಕರ ದೇಸಾಯಿ. ಕನ್ನಡಿಗರು ಅವರನ್ನು ಚುಟುಕಗಳ ಕವಿಯಾಗಿ ಮಾತ್ರ ನೆನೆಯುತ್ತಾರೆ. ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ಅವರು ತಮ್ಮ ಜಿಲ್ಲೆಯ ಗೇಣಿದಾರರನ್ನೂ ಸಂಘಟಿಸಿದ್ದರು. ಯುದ್ಧ ನಡೆಯುತ್ತಿರುವಾಗ ಜಿಲ್ಲೆಯಲ್ಲಿ ರೈತರ ಗಲಾಟೆ ಬೇಡವೆಂದು ಸರ್ಕಾರ 1940ರಲ್ಲಿ ಅವರನ್ನು ಉತ್ತರ ಕನ್ನಡದಿಂದ ಗಡಿಪಾರು ಮಾಡಿತು. ಆ ನಿಷೇಧ ಐದು ವರ್ಷ, ಅಂದರೆ ಹೆಚ್ಚುಕಡಿಮೆ ಯುದ್ಧ ಮುಗಿಯುವವರೆಗೂ ನಡೆಯಿತು. ಅವರು ಕಾಂಗ್ರೆಸಿನ ಸತ್ಯಾಗ್ರಹಿಗಳ ಪಟ್ಟಿಯವರಲ್ಲ, ಅವರ ದಾರಿ ಬೇರೆ. ಆದರೆ ಹುಟ್ಟಿದ ನೆಲಕ್ಕೆ ಕಾಲಿಡದಂತೆ ಒಬ್ಬ ಮನುಷ್ಯನನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಅಷ್ಟು ಸುಲಭವಾಗಿ ಸಿಕ್ಕಿದ್ದು ಯುದ್ಧದ ಹೆಸರಿನಲ್ಲೇ.

ಇಲ್ಲೊಂದು ಕಠಿಣ ಪ್ರಶ್ನೆಯಿದೆ, ಅದನ್ನು ದಾಟಿ ಹೋಗಲಾಗದು. ಎದುರಿಗಿದ್ದವನು ಹಿಟ್ಲರ್. ಪೋಲೆಂಡ್ ಬಿದ್ದಿತ್ತು, 1940ರ ಜೂನಿನಲ್ಲಿ ಫ್ರಾನ್ಸ್ ಬಿತ್ತು, ಲಂಡನ್ನಿನ ಮೇಲೆ ರಾತ್ರಿ ರಾತ್ರಿ ಬಾಂಬು ಬೀಳುತ್ತಿದ್ದವು. ಅಂಥ ಹೊತ್ತಲ್ಲಿ ಯುದ್ಧಕ್ಕೆ ನೆರವು ಬೇಡವೆನ್ನುವುದು ಸರಿಯೇ? ಎಂ.ಎನ್. ರಾಯ್ ಸರಿಯಲ್ಲ ಎಂದರು. ಫ್ಯಾಸಿಸಂ ಸೋತರೆ ಸಾಮ್ರಾಜ್ಯಗಳೂ ತಾವಾಗಿ ಸೋಲುತ್ತವೆ, ಹಾಗಾಗಿ ಯುದ್ಧಕ್ಕೆ ಬೆಂಬಲ ಕೊಡಬೇಕು ಎಂದು ವಾದಿಸಿ ಕಾಂಗ್ರೆಸಿನಿಂದ ಹೊರನಡೆದರು. ಕುಮಟಾ ತಾಲೂಕಿನವರೇ ಆದ ಗೌರೀಶ ಕಾಯ್ಕಿಣಿ ಮತ್ತು ಯಶವಂತ ಚಿತ್ತಾಲರನ್ನು ಮುಂದೆ ಸೆಳೆದದ್ದು ಇದೇ ರಾಯ್ ಅವರ ಮಾನವತಾವಾದ. ನೆಹರೂ ಅವರಿಗೆ ನಾಜಿಗಳೆಂದರೆ ಹೇಸಿಗೆ; ಬ್ರಿಟನ್ ಸ್ವಾತಂತ್ರ್ಯದ ಮಾತು ಕೊಟ್ಟರೆ ಯುದ್ಧಕ್ಕೆ ಕೈಜೋಡಿಸಲು ಕಾಂಗ್ರೆಸಿನ ಬಹುಪಾಲು ನಾಯಕರು ಸಿದ್ಧರಿದ್ದರು. 1940ರ ಆಗಸ್ಟ್ 8ರಂದು ವೈಸರಾಯರು ಮುಂದಿಟ್ಟ ಪ್ರಸ್ತಾಪದಲ್ಲಿ ಅಂಥ ಮಾತಿರಲಿಲ್ಲ.

ಗಾಂಧೀಜಿಯವರದು ಇವೆಲ್ಲಕ್ಕಿಂತ ಒಂಟಿ ನಿಲುವು. ಅವರು ಯುದ್ಧವೇ ತಪ್ಪು ಎಂಬಲ್ಲಿಗೆ ಬಂದಿದ್ದರು. ಆದರೆ ಅಲ್ಲಿಗೆ ನೆಟ್ಟಗೆ ನಡೆದು ಬಂದವರಲ್ಲ. 1918ರ ಬೇಸಿಗೆಯಲ್ಲಿ ಇದೇ ಗಾಂಧೀಜಿ ಗುಜರಾತಿನ ಖೇಡಾದ ಹಳ್ಳಿಗಳಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸಲು ತಿರುಗಿದ್ದರು. ಕೆಲವೇ ತಿಂಗಳ ಹಿಂದೆ ಕರನಿರಾಕರಣೆಯ ವೇಳೆ ಅವರಿಗೆ ಪುಕ್ಕಟೆ ಗಾಡಿ ಹೂಡಿಕೊಟ್ಟಿದ್ದ ರೈತರು ಈಗ ದುಡ್ಡು ಕೊಟ್ಟರೂ ಗಾಡಿ ಕೊಡಲಿಲ್ಲ. ಗಾಂಧೀಜಿ ಮೈಲಿಗಟ್ಟಲೆ ನಡೆದು, ಕಡೆಗೆ ಭೇದಿ ಹತ್ತಿ ಹಾಸಿಗೆ ಹಿಡಿದರು. ಪರರ ಯುದ್ಧಕ್ಕೆ ಮಕ್ಕಳನ್ನು ಕೊಡಲಾರೆವು ಎಂದು ಖೇಡಾದ ಆ ರೈತರು ಮಾತಿಲ್ಲದೆಯೇ ಹೇಳಿದ್ದರು. ಇಪ್ಪತ್ತೆರಡು ವರ್ಷಗಳ ತರುವಾಯ ಗಾಂಧೀಜಿ ದೇಶಕ್ಕೆ ಕೊಟ್ಟ ವಾಕ್ಯ ಅವರ ಆ ಉತ್ತರದಿಂದ ಬಹಳ ದೂರವಿಲ್ಲ ಎಂದೇ ನಾನು ನಂಬಿದ್ದೇನೆ.

ಆದರೂ ಬ್ರಿಟನ್ ಜೀವನ್ಮರಣದ ಹೋರಾಟದಲ್ಲಿರುವಾಗ ಅದರ ಕುತ್ತಿಗೆ ಹಿಸುಕುವುದು ಅವರಿಗೆ ಬೇಡವಾಗಿತ್ತು. ದೇಶವ್ಯಾಪಿ ಕಾನೂನುಭಂಗ ಬೇಡ. ಯುದ್ಧ ತಪ್ಪು ಎಂದು ಹೇಳುವ ಹಕ್ಕಷ್ಟು ಬೇಕು. ಇಂಗ್ಲೆಂಡಿನಲ್ಲಿ ಯುದ್ಧ ಒಲ್ಲೆನೆಂಬ ಶಾಂತಿವಾದಿಗೆ ಹಾಗೆ ಹೇಳಲು ಅವಕಾಶವಿರುವಾಗ ಭಾರತೀಯನಿಗೇಕಿಲ್ಲ? 1940ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ಹೋರಾಟದ ಹೊಣೆಯನ್ನು ಅವರಿಗೆ ಒಪ್ಪಿಸಿತು. ಅವರು ಮೊದಲಿಗನಾಗಿ ಆರಿಸಿದ್ದು ಹೆಸರಾಂತ ನಾಯಕರನ್ನಲ್ಲ, ದೇಶದ ಬಹುಪಾಲು ಜನ ಅದುವರೆಗೆ ಹೆಸರನ್ನೇ ಕೇಳದಿದ್ದ ವಿನೋಬಾ ಭಾವೆಯವರನ್ನು. ಅಕ್ಟೋಬರ್ 17ರಂದು ವಿನೋಬಾ ವಾರ್ಧಾ ಬಳಿಯ ಪವನಾರಿನಲ್ಲಿ ಮಾತಾಡಿದರು, ಊರಿಂದೂರಿಗೆ ನಡೆಯುತ್ತ ಮಾತಾಡಿದರು, 21ರಂದು ಬಂಧನವಾಯಿತು. ಶಿಕ್ಷೆ ಮೂರು ತಿಂಗಳು. ಎರಡನೆಯವರಾಗಬೇಕಿದ್ದ ನೆಹರೂ ಅವರನ್ನು ಸರದಿ ಬರುವ ಮೊದಲೇ ಅಕ್ಟೋಬರ್ 31ರಂದು ಹಿಡಿದು ನಾಲ್ಕು ವರ್ಷ ಶಿಕ್ಷೆ ಕೊಟ್ಟರು. ಮೂರನೆಯವರು ಬ್ರಹ್ಮದತ್ತ ಎಂಬ ಆಶ್ರಮವಾಸಿ.

ವಿನೋಬಾ ಹೆಸರು ಘಟ್ಟದ ಮೇಲಿನ ಸಿದ್ದಾಪುರಕ್ಕೆ ಅಪರಿಚಿತವಾಗಿ ಉಳಿಯಲಿಲ್ಲ. ದೊಡ್ಮನೆಯ ಮಹಾದೇವಿ ತಾಯಿ ಗಂಡನನ್ನು ಕಳೆದುಕೊಂಡ ಮೇಲೆ ಚಳವಳಿಗಿಳಿದು, ವಾರ್ಧಾಕ್ಕೆ ಹೋಗಿ, ಮುಂದೆ ವಿನೋಬಾರ ಜತೆಗಾರ್ತಿಯಾಗಿ ಬದುಕನ್ನೆಲ್ಲ ಆ ಕೆಲಸಕ್ಕೇ ಕೊಟ್ಟರು. ಈ ಜಿಲ್ಲೆಯ ಹೆಂಗಸರು ಸತ್ಯಾಗ್ರಹವನ್ನು ಯಾರಿಂದಲೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ ಎಂಬುದನ್ನು ಮಾವಿನಗುಂಡಿ ಹೇಳುತ್ತದೆ. ಅದನ್ನು ತುಸು ವಿವರಿಸಬೇಕು. ಆ ಹಿನ್ನೆಲೆಯಿಲ್ಲದೆ 1940ರ ಕರೆ ಈ ಜನಕ್ಕೆ ಎಷ್ಟು ಭಾರವಾಗಿತ್ತೆಂದು ತಿಳಿಯದು.

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಅಲ್ಲಿಂದ ಹೋರಾಟ ಕಾಡಿಗೆ, ಕಾಡಿನಿಂದ ಗದ್ದೆಗೆ ಹಬ್ಬಿತು. ಅಂಕೋಲೆ, ಸಿದ್ದಾಪುರ ಸೀಮೆಗಳ ರೈತರು ಕರ ಕೊಡುವುದಿಲ್ಲವೆಂದರು. ಸರ್ಕಾರ ಜಮೀನು, ಮನೆ, ದನಕರು, ಪಾತ್ರೆಪಗಡಿ ಜಪ್ತಿ ಮಾಡಿ ಹರಾಜು ಹಾಕಿತು. ಸಿದ್ದಾಪುರದ ಕುಟುಂಬಗಳು ಗಡಿ ದಾಟಿ ಮೈಸೂರು ಸಂಸ್ಥಾನದ ಸಾಗರ ಸೀಮೆಯಲ್ಲಿ ತಲೆಮರೆಸಿಕೊಂಡವು. ಹರಾಜಿನಲ್ಲಿ ಜಮೀನು ಹಿಡಿದವರ ಮನೆಯ ಮುಂದೆ ಹೆಂಗಸರು ಅನ್ನ ನೀರು ಬಿಟ್ಟು ಕುಳಿತರು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಆ ಹೆಂಗಸರ ಸ್ಮಾರಕವಿದೆ. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಈ ಜಿಲ್ಲೆಗೆ ಬಂದಾಗ ಕಂಡದ್ದು ಹೀಗೆ ಎಲ್ಲವನ್ನೂ ಕಳೆದುಕೊಂಡು ಕುಳಿತ ಜನರನ್ನು. ಖೇರ್ ಮಂತ್ರಿಮಂಡಲ 1938ರಲ್ಲಿ ಕಾನೂನು ತಂದ ಮೇಲಷ್ಟೇ ಮುಟ್ಟುಗೋಲಾದ ಜಮೀನುಗಳು ಹಿಂದಿರುಗುವ ದಾರಿ ತೆರೆಯಿತು.

ಹೋದ ಗದ್ದೆ ಕೈಗೆ ಬಂದು ಒಂದೆರಡು ಬೆಳೆ ತೆಗೆಯುವಷ್ಟರಲ್ಲಿ ಮತ್ತೆ ಜೈಲಿನ ಕರೆ. ಅದೂ ಈ ಸಲ ಕರಕ್ಕಾಗಿ ಅಲ್ಲ, ಉಪ್ಪಿಗಾಗಿ ಅಲ್ಲ, ಕಾಡಿನ ಸೊಪ್ಪಿಗಾಗಿಯೂ ಅಲ್ಲ. ಕಣ್ಣಿಗೆ ಕಾಣದ ಯುದ್ಧವೊಂದು ತಪ್ಪು ಎಂದು ಹೇಳುವುದಕ್ಕಾಗಿ. ಉಪ್ಪಿನ ಹೋರಾಟದಲ್ಲಿ ಜೈಲಿಗೆ ಹೋದವನಿಗೆ ತಾನು ಏನು ಪಡೆಯಲು ಹೊರಟೆನೆಂದು ಹೆಂಡತಿಗೂ ಮಕ್ಕಳಿಗೂ ತಿಳಿಸಿ ಹೇಳಬಹುದಿತ್ತು. 1941ರವನು ಏನು ಹೇಳಿಯಾನು? ಗೆದ್ದರೂ ಮನೆಗೆ ಒಂದು ಹಿಡಿ ಅಕ್ಕಿ ಹೆಚ್ಚು ಬರುವಂತಿರಲಿಲ್ಲ. ಹಾಗಿದ್ದೂ ಜನ ಹೊರಟರು ಎಂಬುದೇ ನನಗೆ ಈ ಚರಿತ್ರೆಯ ತಿರುಳಾಗಿ ಕಾಣುತ್ತದೆ.

ಹೊರಡುವುದೂ ಸುಲಭವಿರಲಿಲ್ಲ. ಇಷ್ಟಪಟ್ಟವರೆಲ್ಲ ಸತ್ಯಾಗ್ರಹಿಗಳಾಗುವಂತಿರಲಿಲ್ಲ. 1940ರ ನವೆಂಬರಿನಲ್ಲಿ ಕಾರ್ಯಕಾರಿ ಸಮಿತಿಯವರು, ಶಾಸನಸಭೆಯವರು; 1941ರ ಜನವರಿಯಿಂದ ಜಿಲ್ಲೆ, ತಾಲೂಕು ಸಮಿತಿಗಳವರು; ಏಪ್ರಿಲಿನಿಂದ ಸಾಮಾನ್ಯ ಸದಸ್ಯರು. ಹೀಗೆ ಸರದಿ. ಪ್ರಾಂತ ಸಮಿತಿಗಳು ಕಳಿಸಿದ ಪಟ್ಟಿಗಳನ್ನು ಗಾಂಧೀಜಿ ನೋಡಿ ಒಪ್ಪಬೇಕು. ಹೊನ್ನಾವರ, ಕುಮಟೆಗಳು ಸರ್ಕಾರದ ಲೆಕ್ಕದಲ್ಲಿ ಮುಂಬಯಿಗೆ ಸೇರಿದ್ದರೂ ಕಾಂಗ್ರೆಸಿನ ಲೆಕ್ಕದಲ್ಲಿ 1920ರಿಂದಲೇ ಕರ್ನಾಟಕ ಪ್ರಾಂತದವು; ಆ ಪ್ರಾಂತದ ಮುಂದಾಳು ಆರ್.ಆರ್. ದಿವಾಕರ್. ಪಟ್ಟಿಗೆ ಸೇರುವವನು ದಿನಾ ನೂಲಬೇಕು, ಖಾದಿ ಉಡಬೇಕು, ಅಸ್ಪೃಶ್ಯತೆಯನ್ನು ಮನೆಯೊಳಗೂ ಬಿಟ್ಟಿರಬೇಕು. ಮೇಲ್ಜಾತಿಯ ಮನೆಯೊಂದರಲ್ಲಿ ಜೈಲಿಗೆ ಹೋಗುವುದಕ್ಕಿಂತ ಈ ಮೂರನೆಯ ಷರತ್ತು ದೊಡ್ಡದಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿತ್ತು. ಸತ್ಯಾಗ್ರಹದ ಸುದ್ದಿ ಅಚ್ಚಿಸುವುದೇ ಅಪರಾಧವಾಗುವ ಹೊತ್ತು ಬಂದಾಗ ಗಾಂಧೀಜಿ ತಮ್ಮ ಹರಿಜನ ಪತ್ರಿಕೆಯನ್ನೇ ನಿಲ್ಲಿಸಿದರು. ಇನ್ನು ಮೇಲೆ ಪ್ರತಿಯೊಬ್ಬನೂ ನಡೆದಾಡುವ ಪತ್ರಿಕೆಯಾಗಲಿ ಎಂದರು. ಶರಾವತಿಗೆ ಸೇತುವೆಯಿಲ್ಲದ, ಹೊಳೆ ದಾಟಲು ದೋಣಿಗೆ ಕಾಯಬೇಕಾದ ಈ ಸೀಮೆಯಲ್ಲಿ ಆ ಮಾತಿಗೆ ಅಕ್ಷರಶಃ ಅರ್ಥವಿತ್ತು. ಹೊನ್ನಾವರದ ಪೇಟೆಯಲ್ಲಿ ನಡೆದದ್ದು ದೋಣಿಯಲ್ಲಿ ಕುಳಿತವರ ಬಾಯಲ್ಲಿ ಕಾಸರಕೋಡಿಗೆ, ಅಲ್ಲಿಂದ ಅಪ್ಸರಕೊಂಡಕ್ಕೆ, ಮಂಕಿಗೆ, ಮುರುಡೇಶ್ವರಕ್ಕೆ ಹೋಗಬೇಕು. ಹಿಡಿಯದೆ ಬಿಟ್ಟ ಸತ್ಯಾಗ್ರಹಿ ಸುಮ್ಮನೆ ಮನೆಗೆ ಮರಳುವಂತಿಲ್ಲ. ಊರೂರಲ್ಲಿ ಅದೇ ಮಾತು ಹೇಳುತ್ತ ದಿಲ್ಲಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡಬೇಕು. ದಿಲ್ಲಿ ಚಲೋ ಎಂಬ ಕರೆ ಸುಭಾಷರ ಸೈನ್ಯಕ್ಕಿಂತ ಮೊದಲು ಕೇಳಿಸಿದ್ದು ಬರಿಗೈಯ ಈ ದಾರಿಹೋಕರ ವಿಚಾರದಲ್ಲಿ.

ಕ್ರಿಸ್‌ಮಸ್ಸಿಗೆ ಗಾಂಧೀಜಿ ಸತ್ಯಾಗ್ರಹವನ್ನು ಕೆಲವು ದಿನ ನಿಲ್ಲಿಸಿದರು. ಆಳುವ ಅಧಿಕಾರಿಗಳ ಹಬ್ಬ ಕೆಡಿಸುವುದು ಬೇಡವೆಂದು. ಆ ಬಿಡುವಿನಲ್ಲೇ, 1940ರ ಡಿಸೆಂಬರ್ 24ರಂದು, ಯುದ್ಧ ನಿಲ್ಲಿಸುವಂತೆ ಬೇಡಿ ಹಿಟ್ಲರನಿಗೆ ಕಾಗದ ಬರೆದರು. ಬ್ರಿಟಿಷ್ ಸರ್ಕಾರ ಅದನ್ನು ಮುಟ್ಟಿಸಲಿಲ್ಲ. ಅದೇ ಡಿಸೆಂಬರಿನಲ್ಲಿ ಘಟ್ಟದಾಚೆ ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದರ ವಿಮಾನ ಕಾರ್ಖಾನೆ ಹುಟ್ಟಿತು. ಇಂದಿನ ಎಚ್‌ಎಎಲ್ ಅದೇ. ಮಹಾರಾಜರ ಸಂಸ್ಥಾನ ಯುದ್ಧಕ್ಕೆ ನೆರವಾಗುತ್ತಿತ್ತು, ಗಡಿಯ ಈಚೆಯ ಕನ್ನಡಿಗ ಅದನ್ನು ಬೇಡವೆಂದು ಜೈಲಿಗೆ ಹೋಗುತ್ತಿದ್ದ. ಯುದ್ಧ ಕೆಲವರಿಗೆ ಕೆಲಸ ಕೊಟ್ಟಿತು, ಕಾರ್ಖಾನೆ ಕೊಟ್ಟಿತು ಎಂಬುದು ಸುಳ್ಳಲ್ಲ. ಇದೇ ಶರಾವತಿಯ ಮೇಲೆ ಜೋಗದಲ್ಲಿ 1939ರಲ್ಲಿ ಶುರುವಾದ ವಿದ್ಯುತ್ ಯೋಜನೆಗೆ ಯಂತ್ರಗಳು ಸಕಾಲಕ್ಕೆ ಸಿಗದೆ, ಬೆಳಕು ಕಾಣಲು 1948 ಬರಬೇಕಾಯಿತು ಎಂಬುದೂ ಸುಳ್ಳಲ್ಲ.

ಭಾರತ ರಕ್ಷಣಾ ನಿಯಮಗಳ ಕೆಳಗೆ ಶಿಕ್ಷೆಯಾದ ಕರ್ನಾಟಕದ ಸತ್ಯಾಗ್ರಹಿಗಳ ಪಾಲಿಗೆ ಬೆಳಗಾವಿಯ ಹಿಂಡಲಗಾ ಜೈಲು ಹತ್ತು ವರ್ಷದ ಹಳೆಯ ಪರಿಚಯ. ಉಪ್ಪಿನ ಕಾಲದಲ್ಲಿ ಅಲ್ಲಿದ್ದವರೇ ಕೂದಲು ನರೆಯಿಸಿಕೊಂಡು ಮತ್ತೆ ಒಳಗೆ ಹೋದರು. ದೇಶದಾದ್ಯಂತ 1941ರ ನಡುವಿನ ಹೊತ್ತಿಗೆ 20,000ಕ್ಕೂ ಹೆಚ್ಚು ಜನ ಜೈಲು ಕಂಡಿದ್ದರು. ಕೋಟ್ಯಂತರ ಜನರ ದೇಶಕ್ಕೆ ಇದು ಸಣ್ಣ ಸಂಖ್ಯೆ ಎಂದು ಆಗಿನ ಅಧಿಕಾರಿಗಳೂ ನಕ್ಕರು, ಈಗಿನ ಕೆಲವು ಇತಿಹಾಸಕಾರರೂ ತಲೆಯಾಡಿಸುತ್ತಾರೆ. ನಾನು ಒಪ್ಪಲಾರೆ. ಗುಂಪಿನಲ್ಲಿ ಕೂಗುವವನಿಗೆ ಅಕ್ಕಪಕ್ಕದವರ ಧೈರ್ಯವೂ ಸಾಲ ಸಿಗುತ್ತದೆ. ಗುರುತಿನ ಅಂಗಡಿಕಾರರ ಎದುರು, ಸಾಲ ಕೊಟ್ಟ ಒಡೆಯರ ಎದುರು, ಕಚೇರಿಯ ಶಿರಸ್ತೆದಾರರ ಎದುರು ತನ್ನದೇ ಪೇಟೆಯಲ್ಲಿ ಒಬ್ಬನೇ ನಿಂತು ಮಾತಾಡಿದವನಿಗೆ ಆ ಸಾಲವಿರಲಿಲ್ಲ.

ಯುದ್ಧ ಮಾತ್ರ ನಿಲ್ಲಲಿಲ್ಲ. ಸೈನ್ಯಕ್ಕೆ ಆಳು ಸೇರುವುದೂ ನಿಲ್ಲಲಿಲ್ಲ. 1939ರಲ್ಲಿ ಸುಮಾರು 2 ಲಕ್ಷವಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ 25 ಲಕ್ಷವಾಯಿತು. 87,000ದಷ್ಟು ಜನ ಸತ್ತರು. ಬಡತನದಿಂದ ಸೇರಿದವರು, ಮನೆತನದ ಸೇವೆಯೆಂದು ಸೇರಿದವರು, ಫ್ಯಾಸಿಸಂ ಸೋಲಬೇಕೆಂದೇ ಸೇರಿದವರೂ ಅವರಲ್ಲಿದ್ದರು. ಆ ಸಾವುಗಳನ್ನು ಹಗುರಾಗಿ ಕಾಣುವ ಹಕ್ಕು ಯುದ್ಧವಿರೋಧಿಗಳಿಗೂ ಇಲ್ಲ. ಸತ್ಯಾಗ್ರಹಿಗಳು ಸಿಪಾಯಿಯನ್ನು ಎಂದೂ ಹಳಿದವರಲ್ಲ. ಕೇಳದೆ ಅವನನ್ನು ಕಳಿಸಿದವರನ್ನು ಪ್ರಶ್ನಿಸಿದರು.

1941ರ ಡಿಸೆಂಬರ್ ಮೊದಲ ವಾರ ಸರ್ಕಾರ ಸತ್ಯಾಗ್ರಹಿಗಳನ್ನು ಬಿಡುಗಡೆ ಮಾಡಿತು. ಅದೇ ವಾರ ಜಪಾನ್ ಪರ್ಲ್ ಹಾರ್ಬರಿನ ಮೇಲೆ ಎರಗಿತು. ಯುದ್ಧ ಭಾರತದ ಬಾಗಿಲಿಗೆ ಬಂದಾಗ ತಿಂಗಳ ಕೊನೆಗೆ ಬಾರ್ಡೋಲಿಯಲ್ಲಿ ಸೇರಿದ ಕಾಂಗ್ರೆಸ್ ನಾಯಕರು ಗಾಂಧೀಜಿಯವರ ಸಂಪೂರ್ಣ ಯುದ್ಧವಿರೋಧದಿಂದ ಸರಿದುಕೊಂಡರು. ಕಮ್ಯುನಿಸ್ಟರಿಗೆ, ಹಿಟ್ಲರ್ ರಷ್ಯದ ಮೇಲೆ ದಾಳಿ ಮಾಡಿದ ಮೇಲೆ, ಅದು ಜನತೆಯ ಯುದ್ಧವಾಯಿತು. ಒಂದು ಪೈಯೂ ಇಲ್ಲವೆಂದು ಕೂಗಿದ್ದವರಲ್ಲಿ ಅನೇಕರು ಈಗ ಬೇರೆ ಘೋಷಣೆ ಕೂಗಿದರು. ಹಳ್ಳಿಯಲ್ಲಿ ಜೈಲು ಮುಗಿಸಿ ಬಂದವನ ಬಳಿ ಮಾತ್ರ ಅವನು ಹೇಳಿದ್ದ ಅದೇ ವಾಕ್ಯ ಉಳಿದಿತ್ತು.

ಯುದ್ಧ ಕರಾವಳಿಗೆ ಬೇರೆ ಬೇರೆ ರೂಪದಲ್ಲಿ ಬಂತು. 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು ಪಶ್ಚಿಮ ಕರಾವಳಿಯುದ್ದಕ್ಕೂ ಕೊರತೆ ತಟ್ಟಿತು. ಸೀಮೆಎಣ್ಣೆ, ಬಟ್ಟೆ, ಸಕ್ಕರೆ ರೇಷನ್ನಿಗೆ ಬಿದ್ದವು. ಕಾರವಾರದ ಗಡಿಯಾಚೆ, ಪೋರ್ಚುಗೀಸರ ತಟಸ್ಥ ಗೋವೆಯ ಮಾರ್ಮಗೋವಾ ಬಂದರಿನಲ್ಲಿ 1939ರಿಂದ ಜರ್ಮನ್ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಎರೆನ್‌ಫೆಲ್ಸ್ ಎಂಬ ಹಡಗಿನಿಂದ ಬ್ರಿಟಿಷ್ ನಾವೆಗಳ ಸುದ್ದಿ ಹೋಗುತ್ತಿದೆಯೆಂದು 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತೆಯಿಂದ ಬಂದ ನಡುವಯಸ್ಸಿನ ಆಂಗ್ಲ ಹವ್ಯಾಸಿ ಸೈನಿಕರು ಅದರ ಮೇಲೆ ಗುಟ್ಟಾಗಿ ದಾಳಿ ನಡೆಸಿದರು. ಹಡಗು ಹೊತ್ತಿ ಮುಳುಗಿತು, ಉಳಿದವನ್ನು ಅವುಗಳ ನಾವಿಕರೇ ಮುಳುಗಿಸಿದರು. ಅದಕ್ಕೂ ಮೊದಲೇ ಉತ್ತರ ಕನ್ನಡದ ಕಾಡುಗಳಲ್ಲಿ ಬೇರೆ ಬೆಂಕಿ ಎದ್ದಿತ್ತು. 1942ರ ಆಗಸ್ಟಿನ ನಂತರ ಸರ್ಕಾರಿ ಮರದ ಡಿಪೋಗಳು ಉರಿದವು, ತಂತಿಗಳು ಕಡಿದವು. ಸದ್ದು ಮಾಡಿದ ಆ ದಿನಗಳೇ ಜನರ ನೆನಪಿನಲ್ಲಿ ನಿಂತವು. ಒಂದೂವರೆ ವರ್ಷದ ಹಿಂದೆ ಸದ್ದಿಲ್ಲದೆ ಬಂದು ನಿಂತು ಹೋದವರು ಹಿಂದೆ ಸರಿದರು.

ಸರಿದದ್ದು ನೆನಪಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, 1972ರ ಆಗಸ್ಟ್ 15ರಂದು, ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಿತು. ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದಿರಬೇಕೆಂಬುದು ಅದರ ಮುಖ್ಯ ಷರತ್ತು. ವೈಯಕ್ತಿಕ ಸತ್ಯಾಗ್ರಹದ ಶಿಕ್ಷೆಗಳೋ, ಮೊದಲ ಸತ್ಯಾಗ್ರಹಿ ವಿನೋಬಾರದ್ದೂ ಸೇರಿ, ಎಷ್ಟೋ ಮೂರು ತಿಂಗಳಿನವು, ನಾಲ್ಕು ತಿಂಗಳಿನವು. 1930ರಲ್ಲೋ 1942ರಲ್ಲೋ ಮತ್ತೊಮ್ಮೆ ಜೈಲು ಕಂಡಿದ್ದವರು ತಿಂಗಳುಗಳನ್ನು ಕೂಡಿಸಿ ಅರ್ಜಿ ಹಾಕಬಹುದಿತ್ತು. ಬದುಕಿನಲ್ಲಿ ಒಂದೇ ಒಂದು ಸಲ, ಯುದ್ಧ ಬೇಡವೆಂದು ಹೇಳಿ ಮೂರು ತಿಂಗಳು ಒಳಗಿದ್ದು ಬಂದವನಿಗೆ ಆ ಅರ್ಜಿಯಲ್ಲಿ ತುಂಬಲು ಬೇಕಾದಷ್ಟು ದಿನಗಳಿರಲಿಲ್ಲ.